ಬಾಯಿ ಮುಟ್ಟದ ಬಲಗೈ

ಬೀಳುವುದರಲ್ಲೂ ಒಂದು ಅಂತಸ್ತು ಇರುತ್ತದೆ. ಓಡುವ ಗಾಡಿಯಿಂದ ಬಿದ್ದವನನ್ನು ಕಂಡು ಊರು ಅಯ್ಯೋ ಅನ್ನುತ್ತದೆ. ನಿಂತ ಗಾಡಿಯಿಂದ ಬಿದ್ದವನನ್ನು ಕಂಡು ನಗುತ್ತದೆ. ನಾನು ಎರಡನೆಯ ಜಾತಿಯವನು. ದಾಂಡೇಲಿಯಲ್ಲಿ ನಮ್ಮ ಮನೆಯ ಎದುರಿಗೇ ಮೆಕ್ಯಾನಿಕ್ ದಾದಾಪೀರನ ಗ್ಯಾರೇಜು. ಮಿಲ್ಲಿನ ಪಾಳಿ ಮುಗಿಸಿ ಬಂದವನು, ಅಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಸ್ಕೂಟರ್ ಏರಿ, ಉಳವಿ ದಾರಿಯ ತಿರುವುಗಳಲ್ಲಿ ಗಾಡಿಯನ್ನು ಹೇಗೆ ಮಣಿಸುತ್ತೇನೆಂದು ತೋರಿಸಲು ಹೋದೆ. ಗಾಡಿ ಮಣಿಯಿತು. ಬಲಗೈ ಊರಿ ಬಿದ್ದೆ. ನಾನು ಎದ್ದೆ, ಮೊಣಕೈ ಏಳಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ನೋಡಿ, "ಕೀಲು ಜಾರೈತಿ, ಎಲುಬೂ ಎರಡು ಕಡೆ ಮುರದೈತಿ. ಆಪರೇಶನ್ ಮಾಡಿ ಪ್ಲೇಟು, ಸ್ಕ್ರೂ ಹಾಕಬೇಕ್ರಿ" ಅಂದರು. ಜೊತೆಗೆ ಬಂದಿದ್ದ ದಾದಾಪೀರನ ಮುಖ ಅರಳಿತು. "ಸ್ಕ್ರೂ ತಿರುವಾಕ ಎಷ್ಟನೇ ನಂಬರಿನ ಪಾನಾ ಹತ್ತತೈತ್ರಿ ಸಾಹೇಬ್ರ?" ಎಂದು ಕೇಳಿದ. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಆಪರೇಶನ್ ಚೆನ್ನಾಗಿಯೇ ಆಯಿತು. ಆದರೆ ಪಟ್ಟಿ ಬಿಚ್ಚಿದ ಮೇಲೆ ಕೈ ಅರ್ಧ ಮಡಚಿ ನಿಂತುಬಿಡುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಕಟ್ಟಿದವನಿಗೂ ಮೊಣಕೈಯೇ ಮುರಿದಿದ್ದಿರಬೇಕು. "ಎಣ್ಣಿ ಹಚ್ಚಿ ತಿಕ್ಕಬ್ಯಾಡ್ರಿ. ನೀವ ಮೆಲ್ಲಗ ಮಡಚಿ ಮಡಚಿ ಬಾಯಿ ಮುಟ್ಟಸ್ರಿ" ಎಂದು ಡಾಕ್ಟರ ಅಪ್ಪಣೆ. ಎಡಗೈಯಲ್ಲಿ ಉಣ್ಣುವುದು ನಮ್ಮ ಮನೆಯಲ್ಲಿ ಸಲ್ಲದು. ಹಾಗಾಗಿ ಉಣಿಸುವ ಕೆಲಸ ಹೆಂಡತಿ ಶಾಂತಾಳ ಪಾಲಿಗೆ ಬಂತು. ಅವಳು ಒಂದು ತುತ್ತು ಇಡುವಳು, ಒಂದು ಹಳೆಯ ಮಾತು ತೆಗೆಯುವಳು. "ಹಳಿಯಾಳದಾಗ ನಮ್ಮ ತಂಗಿ ಮದುವ್ಯಾಗ ಮುಖ ಯಾಕ ಗಂಟ್ ಹಾಕ್ಕೊಂಡು ಕುಂತಿದ್ರಿ?" ಉತ್ತರ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ಬದನೆಕಾಯಿ ಎಣ್ಣೆಗಾಯಿ ಬಾಯಿಗೆ ಬಿದ್ದಿರುತ್ತಿತ್ತು.

ಮನೆಯಲ್ಲಿ ನನ್ನ ಮಾತು ಉಳಿಯಬೇಕಾದರೆ ಕೈ ಬಾಯಿಗೆ ಮುಟ್ಟಲೇಬೇಕು. ಹಟ ಹಿಡಿದೆ. ಕಣ್ಣಲ್ಲಿ ನೀರು ಬಂದರೂ ಮಡಚಿದೆ. ಒಂದು ಮಧ್ಯಾಹ್ನ ಬೆರಳು ತುಟಿ ಮುಟ್ಟಿತು! ನನ್ನ ಕೂಗು ಕೇಳಿ ಓಡಿಬಂದ ದಾದಾಪೀರ, "ಟ್ರಯಲ್ ಪಾಸ್ ಆತ್ರಿ ಅಣ್ಣಾರ!" ಎಂದು ಕುಣಿದ. ನನಗಂತೂ ಖುಷಿಯೋ ಖುಷಿ.

ಮರುದಿನ ನಾನೇ ರೊಟ್ಟಿ ಮುರಿದು ಉಂಡೆ. ಶಾಂತಾ ಎದುರಿಗೆ ಕೂತು ತನ್ನ ಪಾಡಿಗೆ ತಾನು ಉಂಡಳು. ಮದುವೆಯ ಮಾತಿಲ್ಲ, ಬೈಗುಳವಿಲ್ಲ. ಅದೇ ಎಣ್ಣೆಗಾಯಿ ಸಪ್ಪಗೆ ಅನ್ನಿಸಿತು. ಅವಳ ಬೈಗುಳ ನನಗೆ ಅಷ್ಟು ಬೇಕಾಗಿತ್ತೆಂದು ತಿಳಿದದ್ದೇ ಆಗ. ಥಟ್ಟನೆ ಮೊಣಕೈ ಹಿಡಿದುಕೊಂಡು ನರಳಿದೆ. "ಅಯ್ಯಯ್ಯೋ, ಮಡಚಾಕ ಆಗವಲ್ದು. ಇವತ್ತೊಂದಿನ ನೀನ ಉಣಸ."

ಶಾಂತಾ ಎದ್ದು ಬಂದು ರೊಟ್ಟಿ ಮುರಿದಳು. "ಉಣಸ್ತೇನಿ ಬಿಡ್ರಿ. ಆದ್ರ ಮುರದದ್ದು ಬಲಗೈ. ಆ ಕೈಲೆ ಎಡಗೈ ಮೊಣಕೈ ಯಾಕ ಹಿಡ್ಕೊಂಡೀರಿ?"

ಸಮಜಾಯಿಷಿ ಕೊಡಲು ಬಾಯಿ ತೆರೆದೆ. ತುತ್ತು ಬಿತ್ತು.