ಅದೇ ಎಮ್ಮೆ, ಅಂಥದೇ ಎಮ್ಮೆ

ಬಹಳ ಹಿಂದೆ, ಅರಸರಿಗೆ ಇನ್ನೂ ಬುದ್ಧಿ ಬಂದಿರದ ಕಾಲದಲ್ಲಿ, ಒಂದು ರಾಜ್ಯವಿತ್ತು. ಅದು ಯಾವ ಕಾಲವೆಂದು ಓದುಗರು ಕೆದಕಬಾರದು. ಬಹಳ ಹಿಂದೆ ಎಂದೇ ಇಟ್ಟುಕೊಳ್ಳಿ.

ಅಲ್ಲಿ ತಿಪ್ಪಕ್ಕನೆಂಬ ಹೆಂಗಸಿಗೆ ಚೌಡಿ ಎಂಬ ಎಮ್ಮೆಯಿತ್ತು. ಪಕ್ಕದಲ್ಲಿ ಕೂತು ಊರ ಸುದ್ದಿ ಹೇಳದಿದ್ದರೆ ಚೌಡಿ ಹಾಲು ಕೊಡುತ್ತಿರಲಿಲ್ಲ. ಸುದ್ದಿ ಸುಳ್ಳಾದರೆ ಒದೆಯುತ್ತಿತ್ತು. ಮಹಾರಾಜ ಸದೃಶವರ್ಮರ ಹುಟ್ಟುಹಬ್ಬದ ಪಾಯಸಕ್ಕೆಂದು ಅರಮನೆಯವರು ಅದನ್ನು ಹೊಡೆದುಕೊಂಡು ಹೋದರು. ವಾರದ ಮೇಲೆ ಒಂದು ಎಮ್ಮೆಯನ್ನು ತಂದು ಕಟ್ಟಿದರು. ಅದು ಚೌಡಿಯಾಗಿರಲಿಲ್ಲ.

ತಿಪ್ಪಕ್ಕ ನೇರ ಆಸ್ಥಾನಕ್ಕೇ ಹೋದಳು. ಬೇಡ ಬೇಡ ಎನ್ನುತ್ತಲೇ ಗಂಡ ಬೋರಣ್ಣ ಕುಂಟುತ್ತಾ ಹಿಂದೆ ಬಂದ.

ಪ್ರಧಾನಿ ಲಕ್ಷಣಶಾಸ್ತ್ರಿಗಳು ಪರಿಶೀಲನಾ ನಮೂನೆ ಬಿಡಿಸಿ ಓದಿದರು: "ಬಣ್ಣ ಕಪ್ಪು, ಸರಿ. ಕೊಂಬು ಎರಡು, ಸರಿ. ಬಾಲ ಒಂದು, ಸರಿ. ಮೂವತ್ತೆರಡು ಕಲಂಗಳೂ ತಾಳೆಯಾಗಿವೆ. ಲಕ್ಷಣಗಳೆಲ್ಲ ಅವೇ ಆದಮೇಲೆ ಎಮ್ಮೆಯೂ ಅದೇ."

"ಲಕ್ಷಣ ಎಲ್ಲಾ ಅವೇಯ ಬುದ್ಧಿ, ಎಮ್ಮೆ ಅದಲ್ಲ."

"ಹಾಗಾದರೆ ಬಿಟ್ಟುಹೋದ ಕಲಂ ಯಾವುದು, ಹೇಳು."

ತಿಪ್ಪಕ್ಕ ಯೋಚಿಸಿದಳು. ಹೆಸರು ತೋಚಲಿಲ್ಲ. "ಅದು ಚೌಡಿ. ಇದು ಅಂಥದೇ. ನಂಗೆ ಅದೇ ಬೇಕು."

ಆಸ್ಥಾನವೆಲ್ಲ ಗೊಳ್ಳೆಂದಿತು. ತಿಪ್ಪಕ್ಕನಿಗೆ ಮೈಯೆಲ್ಲ ಉರಿಯಿತು. "ಹಂಗಾದ್ರೆ ಮೀಸೆ ಬಿಟ್ಕಂಡು ಕಿರೀಟ ಇಟ್ಕಂಡೋರೆಲ್ಲ ಮಾರಾಜ್ರೇ ಆಯ್ತಾರಾ?"

ನಗು ನಿಂತಿತು. ಮಹಾರಾಜರು ತಮ್ಮ ಕಿರೀಟವನ್ನು ಮುಟ್ಟಿ ನೋಡಿಕೊಂಡರು.

"ಶಾಸ್ತ್ರಿಗಳೇ, ನಾವು ಅವರೇ ತಾನೆ?"

"ಪ್ರಭು! ಜಗತ್ತಿನಲ್ಲಿ ತಾವೊಬ್ಬರೇ ಅವರೇ. ಮಿಕ್ಕವರೆಲ್ಲ ಅಂಥವರೇ."

ಅಂದೇ ಶಾಸನ ಹೊರಟಿತು. 'ಅದೇ' ಎಂಬ ಪದವು ಇನ್ನು ಮುಂದೆ ರಾಜಮುದ್ರೆಯ ಸ್ವತ್ತು. ಪ್ರಜೆಗಳು 'ಅಂಥದೇ' ಎಂದು ಹೇಳಿಕೊಂಡು ಬದುಕತಕ್ಕದ್ದು. ಆಡಳಿತ ಬಲು ಸಲೀಸಾಯಿತು. ಕಳ್ಳ ಸಿಗದಿದ್ದರೆ ಅಂಥವನೇ ಒಬ್ಬ ಸಿಕ್ಕರೆ ಸಾಕಿತ್ತು. ಕೃತಜ್ಞ ಆಸ್ಥಾನ ಮಹಾರಾಜರಿಗೆ 'ಏಕಮೇವ' ಎಂಬ ಬಿರುದು ಕೊಟ್ಟು, ತಲೆಯ ಮೇಲಿದ್ದ ಕಿರೀಟದ ಮೇಲೆ ಅಂಥದೇ ಇನ್ನೊಂದನ್ನು ಇಟ್ಟಿತು.

ಆ ತಿಂಗಳೇ ಅರಮನೆಯ ಹಂಡೆ ಕದ್ದ ಕುಂಟನೊಬ್ಬ ತಪ್ಪಿಸಿಕೊಂಡ. ಬೋರಣ್ಣನೂ ಕುಂಟುತ್ತಿದ್ದನಲ್ಲ, ಅವನನ್ನು ಒಯ್ದು ಸೆರೆಗೆ ಹಾಕಿದರು. ತಿಪ್ಪಕ್ಕ ದಿನಾ ಹೋಗಿ ಅರಮನೆಯ ಬಾಗಿಲಲ್ಲಿ ಅತ್ತಳು. ಗಂಡನಿಲ್ಲದ ಮನೆಯಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಸರ್ಕಾರದ ಎದೆಯೇನು ಕಲ್ಲಲ್ಲ. ಹದಿನೈದನೆಯ ದಿನ ಅವಳ ಹೊಸಿಲಲ್ಲಿ ಒಬ್ಬ ನಿಂತಿದ್ದ. ಅದೇ ಎತ್ತರ, ಕ್ಷಮಿಸಿ, ಅಂಥದೇ ಎತ್ತರ, ಅಂಥದೇ ಕುಂಟು. ಕೈಯಲ್ಲಿ ಮೂವತ್ತೆರಡು ಕಲಂ ತಾಳೆಯಾದ ಚೀಟಿ.

"ಯಾರಪ್ಪಾ ನೀನು?" ಎಂದಳು ತಿಪ್ಪಕ್ಕ.

ಅವನ ಕಣ್ಣಲ್ಲಿ ನೀರು ತುಂಬಿತ್ತು. "ನಿನ್ ಗಂಡ್ನಂತೆ ಕಣವ್ವಾ. ನಮ್ಮೂರಲ್ಲಿ ನನ್ನೆಂಡ್ರಿಗೂ ಒಬ್ಬನ್ನ ಕಳಿಸವ್ರಂತೆ."