ಹನ್ನೆರಡು ನಿಮಿಷದ ಶಾವಿಗಿ

ನಮ್ಮ ಮನಿ ಹಿಂಡಲಗಾದಾಗ ಐತಿ ಅಂದಕೂಡಲೆ ಮಂದಿ ಒಂದ್ಸಲ ನನ್ನ ಮಾರಿ ನೋಡತಾರ. ಜೇಲಿನ ಗೋಡಿಯಿಂದ ಹೊರಗ ಐತ್ರೀ ನಮ್ಮ ಮನಿ, ಮನಿ ಕರದ ಪಟ್ಟಿ ಸೈತ ನಾವ ತುಂಬತೀವಿ. ಆದ್ರ ಮಚ್ಛೆಯ ಫ್ಯಾಕ್ಟರಿಯೊಳಗ ದಿನಾ ನಟ್ಟು-ಬೋಲ್ಟು ಎಣಿಸಿ, ಎರಡು ಬಸ್ ಬದಲಿಸಿ, ಏಳು ಗಂಟೆಕ್ಕ ಮನಿ ಮುಟ್ಟಿ, ಆಮ್ಯಾಲ ಎರಡು ತಾಸು ರೊಟ್ಟಿ ಬಡಿಯೂ ಹೆಣ್ಣಮಗಳಿಗೆ ಒಳಗೂ ಹೊರಗೂ ಭಾಳ ಫರಕ ಇರೂದಿಲ್ಲ. ಒಳಗಿದ್ದವರಿಗೆ ಬಿಡುಗಡಿ ತಾರೀಖರ ಗೊತ್ತಿರತೈತಿ.

ಇಂಥಾ ಸ್ಥಿತಿಯೊಳಗ ನಾ ಒಂದು ಮಹಾ ಸಂಶೋಧನೆ ಮಾಡಿದ್ನಿ. ಕಡಾಯಿಗೆ ಎಣ್ಣಿ ಹಾಕಿ ನಾಕು ಎಸಳು ಬಳ್ಳೊಳ್ಳಿ ಜಜ್ಜಿ ಒಗೀಬೇಕು. ಮ್ಯಾಲೊಂದು ಚಮಚ ರಂಜಕ (ಹಸಿ ಕೆಂಪು ಮೆಣಸಿನಕಾಯಿ, ಬಳ್ಳೊಳ್ಳಿ ಕೂಡಿಸಿ ಅರದ ಚಟ್ನಿ, ಪಾರಿಶ್ವಾಡದ ಅತ್ತಿ ಕೈಯಿಂದು). ಎರಡು ಹಿಡಿ ಮೆಂತ್ಯಾ ಪಲ್ಲೆ, ಒಂದು ಹಿಡಿ ಉಳ್ಳಾಗಡ್ಡಿ ತಪ್ಪಲ. ಅದು ಬಾಡಿದ ಮ್ಯಾಲ ನೀರು, ಮೂರು ಪಾಕೀಟು ನೂಡಲ್ಸ್. ಹನ್ನೆರಡು ನಿಮಿಷಕ್ಕ ತಾಟಿಗೆ ಬರತೈತಿ, ಹದಿಮೂರನೇ ನಿಮಿಷಕ್ಕ ಮೂಗು ಸೋರತೈತಿ. ನಮ್ಮವರು, ನಾಗಲಿಂಗ ಅಂತ ಹೆಸರು, ರೊಟ್ಟಿ ಇಲ್ಲದ ಊಟಾನ ಊಟ ಅನ್ನದ ಮನುಷ್ಯಾ, ಅವರೂ ಕಣ್ಣೀರು ಒರಿಸಿಕೋತ ತಿಂದ್ರು.

ಅಷ್ಟರಾಗ ಅತ್ತಿ ಬಂದ್ರು. ಕಣ್ಣಿನ ಪೊರಿ ತಗಿಸಿಕೊಂಡು, ಕರೀ ಚಾಳೀಸು ಹಾಕ್ಕೊಂಡು, ಎರಡು ತಿಂಗಳು ನಮ್ಮಲ್ಲೇ ಇರೂದಂತ ಗೊತ್ತಾತು. ಅತ್ತಿದು ಒಂದ ಕಾಯ್ದೆ: ಪಾಕೀಟಿನಾಗಿಂದು ಹೊಟ್ಟಿಗೆ ಹೋಗಬಾರದು. ಹಾಲು ಕುಡಿಯಾಕೂ ಅವರಿಗೆ ಎಮ್ಮಿ ಪರಿಚಯ ಇರಬೇಕು. ನಾಕು ದಿನ ರೊಟ್ಟಿ ಬಡದ್ನಿ. ಐದನೇ ದಿನ ಬಸ್ ಕೈ ಕೊಡ್ತು, ನೂಡಲ್ಸ್ ಮಾಡಿದ್ನಿ. ಅತ್ತಿ ಒಂದು ಎಳಿ ಎತ್ತಿ ಚಾಳೀಸಿನ ಮುಂದ ಹಿಡಕೊಂಡು ಇದೇನಂತ ಕೇಳಿದ್ರು.

"ಶಾವಿಗಿ ರೀ ಅತ್ತಿ, ಖಾರದ್ದು."

"ಯಾರು ಹೊಸೆದಿದ್ದು?"

"ನಾನ ರೀ."

ನನ್ನ ಬಾಯಿ ಹೇಳಿದ್ದು ಅದು. ನನ್ನ ಒಂದು ಮಾತು ಕೇಳಲಿಲ್ಲ.

ಅವತ್ತಿನಿಂದ ವಾರಕ್ಕ ಮೂರು ದಿನ ಶಾವಿಗಿ. ಖಾಲಿ ಪಾಕೀಟು ನನ್ನ ಟಿಫಿನ್ ಚೀಲದಾಗ ಮಚ್ಛೆಗೆ ಹೋಗಿ ಅಲ್ಲಿಯ ಕಸದ ಡಬ್ಬಿಗೆ ಬೀಳತಿದ್ದವು. ಬಾಯಿ ಬಿಡೂದಿಲ್ಲಂತ ನಮ್ಮವರ ಕಡೆ ಆಣಿ ಮಾಡಿಸಿದ್ನಿ. ಅತ್ತಿ ಹೊಗಳಿದಾಗೆಲ್ಲ ಅವರು ತಲಿ ಎತ್ತಿ ಫ್ಯಾನ್ ನೋಡತಿದ್ರು. ಅತ್ತಿ ಹೊಗಳತಿದ್ರು ಅಂದ್ನಲ್ಲ, ಅದನ್ನ ಸ್ವಲ್ಪ ಲಕ್ಷ್ಯ ಕೊಟ್ಟು ಕೇಳ್ರಿ. ಮದುವಿ ಆಗಿ ಹನ್ನೊಂದು ವರ್ಷದಾಗ ಅವರು ನನ್ನ ಹೊಗಳಿದ್ದು ಇದ ಮೊದಲು.

ದಿನಾ ಮಧ್ಯಾಹ್ನ ಪಾರಿಶ್ವಾಡಕ್ಕ ಫೋನು. ಅಲ್ಲಿ ಅತ್ತಿಯ ಅಕ್ಕ, ಸಿದ್ದಕ್ಕ. ನನ್ನ ಸೊಸಿ ಫ್ಯಾಕ್ಟರಿಯಿಂದ ಬಂದು ಚಪ್ಪಲಿ ಬಿಡೂದರಾಗ ಶಾವಿಗಿ ಹೊಸೀತಾಳ ಅಂತ ಅತ್ತಿ ಹೇಳೂದು. ಆ ಸುದ್ದಿ ಖಾನಾಪುರ ಮುಟ್ಟೂದರಾಗ ನಾ ಚಪ್ಪಲಿ ಸೈತ ಬಿಡತಿರಲಿಲ್ಲ.

ಆಗ ಸಿದ್ದಕ್ಕನ ಮೊಮ್ಮಗಳು ಮೇಘಾಂದು ಲಗ್ನ ಗೊತ್ತಾತು. ಅವರ ಮನತನದಾಗ ಲಗ್ನಕ್ಕ ಮೊದಲು ಒಂದಿನ ಹೆಣ್ಣಮಕ್ಕಳೆಲ್ಲ ಕೂಡಿ ಶಾವಿಗಿ ಹೊಸೆಯೂ ಪದ್ಧತಿ. ಮೊದಲನೇ ಎಳಿ ಕಾಂತಾನ ಸೊಸಿನ ಎಳೀಬೇಕು ಅಂತ ಸಿದ್ದಕ್ಕ ಹಟ ಹಿಡಿದ್ರು. ಕಾಂತಾ ಅಂದ್ರ ನಮ್ಮ ಅತ್ತಿ. ರಜಾ ಸಿಗೂದಿಲ್ಲರೀ ಅಂದ್ನಿ. ರವಿವಾರ ಇಟ್ಟೀವಿ ಅಂದ್ರು.

ಅತ್ತಿ ಮಲಗಿದ ಒಂದು ಸೂಟಿಯ ಮಧ್ಯಾಹ್ನ ಬಾಗಲಾ ಹಾಕ್ಕೊಂಡು, ಮೊಬೈಲ್ ನೋಡಿಕೋತ, ಹಿಟ್ಟು ನಾದಿ ಎಳದ್ನಿ. ಎಮ್ಮಿ ಕಟ್ಟಾಕ ಬರೂವಂಥಾ ಶಾವಿಗಿ ಆತು. ಖರೇ ಹೇಳಿಬಿಡು ಅಂತ ನಮ್ಮವರು ಅಂದ್ರು. ಹೇಳಿದ್ರ ದಿನಾ ರೊಟ್ಟಿ, ಅದು ಹೋಗಲಿ. ಆದ್ರ ಹನ್ನೊಂದು ವರ್ಷಕ್ಕ ಸಿಕ್ಕ ಒಂದು ಹೊಗಳಿಕಿ ಕಳಕೊಳ್ಳಾಕ ನನಗ ಜೀವ ಒಪ್ಪಲಿಲ್ಲ.

ರವಿವಾರ ಪಾರಿಶ್ವಾಡದಾಗ ಇಪ್ಪತ್ತು ಮಂದಿ ಹೆಣ್ಣಮಕ್ಕಳು ಕೂಡಿದ್ರು. ಶಾವಿಗಿ ಮಣಿಗೆ ವಿಭೂತಿ, ಕುಂಕುಮ ಹಚ್ಚಿ ನನ್ನ ಅದರ ಮುಂದ ಕೂಡಿಸಿದ್ರು. ಅತ್ತಿಯ ಚಾಳೀಸು ತಗದು ಆಗಲೇ ಒಂದು ವಾರ ಆಗಿತ್ತು, ನಿಚ್ಚಳ ಕಣ್ಣಿಲೆ ನನ್ನ ಬಾಜೂಕ ಕುಂತಿದ್ರು. ಅವರ ಬೆನ್ನಿಗೆ ಮಾಯವ್ವ, ಊರಾಗ ಕೂಲಿಗೆ ಶಾವಿಗಿ ಹೊಸೆಯೂ ಮುದಕಿ. ಆಕಿ ತೊಡಿ ಮ್ಯಾಲ ಅರಿಬಿ ಮುಚ್ಚಿದ ಒಂದು ಪುಟ್ಟಿ ಇತ್ತು. ನಾ ಎಳದ್ನಿ. ಬೆರಳು ದಪ್ಪ ಬಂತು. ಒಬ್ಬಾಕಿ ಕೆಮ್ಮಿದಳು.

ಅತ್ತಿ ನನ್ನ ಮೊಣಕೈ ಚಿವಟಿ, ಕೈ ಉಳುಕೇತಿ ಅನ್ನು ಅಂತ ಪಿಸುಗುಟ್ಟಿದ್ರು. ಪಾಪ, ಸೊಸಿಗೆ ಖರೇನ ಕೈ ಉಳುಕೇತಿ, ಹೇಳಾಕ ನಾಚತಾಳ ಅಂತ ತಿಳಕೊಂಡಾರ ಅನಿಸಿ ನನಗ ದುಃಖ ಒತ್ತರಿಸಿ ಬಂತು. ಇಂಥಾ ದೇವರಂಥಾ ಅತ್ತಿಗೆ ಮೋಸ ಮಾಡಿದ್ನಲ್ಲಾ ಅಂತ ಎದ್ದು ನಿಂತು ಎಲ್ಲಾರ ಮುಂದ ಒಪ್ಪಿಕೊಂಡುಬಿಟ್ನಿ.

"ನಾ ಶಾವಿಗಿ ಹೊಸೆದಾಕಿ ಅಲ್ರೀ. ಎರಡು ತಿಂಗಳು ಅತ್ತಿಗೆ ತಿನಿಸಿದ್ದು ಪಾಕೀಟಿನ ನೂಡಲ್ಸ್. ಅವರಿಗೆ ಏನೂ ಗೊತ್ತಿಲ್ಲ. ತಪ್ಪೆಲ್ಲಾ ನಂದು."

ಅತ್ತಿ ಎದ್ದು ಬಂದು ನನ್ನ ಅಪ್ಪಿಕೋತಾರ ಅಂತ ಒಂದು ಕ್ಷಣ ಕಾದ್ನಿ. ಅವರು ಹೊಸಾ ಕಣ್ಣು ಎರಡೂ ಮುಚ್ಚಿಕೊಂಡು ಕುಂತುಬಿಟ್ಟಿದ್ರು. ಆಗ ಮಾಯವ್ವ ಪುಟ್ಟಿಯ ಅರಿಬಿ ಸರಿಸಿದಳು. ಒಳಗ ಕೂದಲ ಎಳಿಯಂಥಾ ಶಾವಿಗಿ.

"ಹಂಗಾರ ಇದನ್ನ ಏನ ಮಾಡ್ಲಿ, ಕಾಂತಕ್ಕಾ? ಕೈ ಉಳುಕೇತಿ ಅಂದಕೂಡಲೆ ಸೊಸಿ ಮನಿಯಾಗ ಹೊಸೆದು ತಂದಾಳ ಅಂತ ಮುಂದ ಇಡು ಅಂದಿದ್ದಿ. ಪ್ರತಿ ವರ್ಷಾ ನಿನ್ನ ಡಬ್ಬಿಗೆ ತುಂಬಿಸಿ ಕೊಡತೀನಲ್ಲ, ಅದ ನಮೂನಿ ಹೊಸೆದೀನಿ."

ಮೂವತ್ತು ವರ್ಷದಿಂದ ಪ್ರತಿ ಬ್ಯಾಸಿಗಿ ಅತ್ತಿ ಬೀಗರಿಗೆಲ್ಲಾ ಡಬ್ಬಿ ಹಂಚತಿದ್ರು, ನನ್ನ ಕೈಯಿಂದು ಅಂತ. ಆ ಬೀಗರೆಲ್ಲಾ ಅಲ್ಲೇ ಕುಂತಿದ್ರು. ಸಿದ್ದಕ್ಕ ಒಂದು ಎಳಿ ಬಾಯಾಗ ಹಾಕ್ಕೊಂಡು ಅಗದು ನೋಡಿ, ಹೂಂ, ಅದ ಐತಿ ಅಂದ್ರು.

ವಾಪಸ್ ಬರೂ ಬಸ್ಸಿನಾಗ ಮಚ್ಛೆ ದಾಟಿದ ಮ್ಯಾಲ ಅತ್ತಿ ಕಿಡಕಿ ಕಡೆ ಮಾರಿ ಮಾಡಿಕೊಂಡು ಅಂದ್ರು, "ಪೊರಿ ಬಂದಿದ್ದು ಕಣ್ಣಿಗೆ, ನಾಲಿಗಿಗಲ್ಲ. ಮೊದಲನೇ ತುತ್ತಿಗೆ ಗೊತ್ತಾಗಿತ್ತು. ರುಚಿ ಆಗಿತ್ತು, ಸುಮ್ನ ತಿಂದ್ನಿ. ನೀನೂ ಸುಮ್ನ ಇದ್ದಿದ್ರ ಆಗತಿತ್ತು."

ಮನಿಯಾಗ ನಮ್ಮವರು ಸುದ್ದಿ ಎಲ್ಲಾ ಕೇಳಿ ಬಹಳ ಹೊತ್ತು ಫ್ಯಾನ್ ನೋಡಿದ್ರು. ಇನ್ನ ಮುಚ್ಚಿಡೂದೇನಿಲ್ಲಲ್ಲ, ಹಂಗಾರ ನಾಳೆಯಿಂದ ರೊಟ್ಟಿ ಸಿಗತಾವೇನು ಅಂತ ಕೇಳಿದ್ರು.

"ಅವಗ ರೊಟ್ಟಿ ಮಾಡು," ಅಂದ್ರು ಅತ್ತಿ. "ನನಗ ಆ ಪಾಕೀಟಿಂದು. ರಂಜಕ ಇನ್ನೊಂದು ಚಮಚ ಹೆಚ್ಚ ಹಾಕು."

ಎರಡು ತಿಂಗಳು ಮುಗದು ಇನ್ನೂ ಎರಡಾದ್ವು. ಯಾವ ಮಾರಿ ಇಟಗೊಂಡು ಪಾರಿಶ್ವಾಡಕ್ಕ ಹೋಗಲಿ ಅಂತ ಅತ್ತಿ ಇಲ್ಲೇ ಅದಾರ. ನನ್ನ ಸಂಜೀ ಅಡಗಿ ಈಗ ಎರಡು ತಾಸು ಹನ್ನೆರಡು ನಿಮಿಷ ಹಿಡೀತೈತಿ.