ಮಾವನ ಪುಡಿ, ಅಳಿಯನ ಹೊಟ್ಟೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡು ಬೆರಳಗಲದ ಒಂದು ಪುಡಿಯ ಪೊಟ್ಟಣ.

ಮಾವ ನ್ಯುಮೋನಿಯಾದಿಂದ ಐಸಿಯು ಸೇರಿ ಆರು ದಿನವಾಗಿತ್ತು. ಆಂಟಿಬಯಾಟಿಕ್‌ನಿಂದ ಭೇದಿ ಬೇರೆ ಹತ್ತಿಕೊಂಡಿತ್ತು. ಒಳಗೆ ಹೋಗಲು ಒಬ್ಬರಿಗೇ ಪಾಸು. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷ. ಮೊದಲ ದಿನವೇ ಅಪ್ಪನ ಮೈಮೇಲಿನ ಟ್ಯೂಬುಗಳನ್ನು ಕಂಡು ಮಗಳು ತಲೆತಿರುಗಿ ಬಿದ್ದದ್ದರಿಂದ ಪಾಸು ಅಳಿಯನ ಕೊರಳಿಗೆ ಬಂತು. ಅವನೋ, ಸಿಸ್ಟರ್ ಪಕ್ಕದವರನ್ನು ಗದರಿದರೂ ತಾನೇ ಸಾರಿ ಕೇಳುವ ಪುಕ್ಕಲ.

ಹೊರಗಿನ ಹಾಲ್‌ನಲ್ಲಿ ಕಾಯುವವರದೇ ಒಂದು ಸಂಸಾರ. ಅದರ ಯಜಮಾನರು ಏಳನೇ ಬೆಡ್ಡಿನಾಕೆಯ ಅಣ್ಣ. ಮೂರು ವಾರ ಅಲ್ಲೇ ಕೂತು ಕೂತು ‘ಅರ್ಧ ಡಾಕ್ಟರ್’ ಅನ್ನಿಸಿಕೊಂಡಿದ್ದರು.

“ಆಂಟಿಬಯಾಟಿಕ್ಕು ಕೆಟ್ಟ ಬ್ಯಾಕ್ಟೀರಿಯಾ ಜೊತೆ ಒಳ್ಳೇವನ್ನೂ ಸಾಯಿಸ್ಬಿಡುತ್ತಮ್ಮ,” ಎಂದು ಅವರು ಅಳಿಯನ ಹೆಂಡತಿಗೆ ಪಾಠ ಹೇಳಿದರು. “ಪ್ರೊಬಯಾಟಿಕ್ ಪುಡಿ ತಗೊಳ್ಳಿ, ಬರೀ ಒಳ್ಳೇ ಬ್ಯಾಕ್ಟೀರಿಯಾ. ಸಿಸ್ಟರ್ ಆ ಕಡೆ ತಿರುಗಿದಾಗ ಮೂಗಿನ ಊಟದ ಟ್ಯೂಬಿಗೆ ಬಿಟ್ರಾಯ್ತು.”

ಅವಳು ಓಡಿಹೋಗಿ ಪುಡಿ ತಂದಳು. “ರೀ, ಕೊಟ್ಬಿಟ್ಟು ಖಾಲಿ ಪೊಟ್ಟಣ ತಂದು ತೋರಿಸಿ.”

ಒಳಗೆ ಎರಡನೇ ಬೆಡ್ಡಿನಲ್ಲಿ ಮಾವ ಮಾಸ್ಕಿನಡಿ ಏದುಸಿರು ಬಿಡುತ್ತಿದ್ದರು. ಆ ಮನೆಯಲ್ಲಿ ಅಳಿಯನ ಪರ ಮಾತಾಡುತ್ತಿದ್ದ ಜೀವ ಅದೊಂದೇ. ಅವನು ಪೊಟ್ಟಣ ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡ. ಕೊನೆಗೆ ಧೈರ್ಯ ಮಾಡಿ, ಪ್ರೊಬಯಾಟಿಕ್ ಕೊಡಬಹುದೇ ಎಂದು ಡಾಕ್ಟರನ್ನೇ ಕೇಳಿದ.

“ಅವು ಜೀವಂತ ಬ್ಯಾಕ್ಟೀರಿಯಾ ಕಣ್ರೀ! ಗಟ್ಟಿಮುಟ್ಟಾಗಿರೋರಿಗೆ ಪರವಾಗಿಲ್ಲ. ಇವರ ಕುತ್ತಿಗೆ ರಕ್ತನಾಳದಲ್ಲಿ ಟ್ಯೂಬಿದೆ, ಮೈಯಲ್ಲಿ ಶಕ್ತಿ ಇಲ್ಲ. ರಕ್ತಕ್ಕೆ ಸೇರಿದ್ರೆ ಜೀವಕ್ಕೇ ಅಪಾಯ. ನಾವು ಹೇಳ್ದೆ ಏನೂ ಕೊಡ್ಬೇಡಿ.”

ಕೊಡುವಂತಿಲ್ಲ, ಕೊಡಲಿಲ್ಲ ಎಂದು ಹೆಂಡತಿಗೆ ಹೇಳುವಂತೆಯೂ ಇಲ್ಲ. ಅಳಿಯ ಕಾರಿಡಾರಿನ ನಲ್ಲಿಯ ಬಳಿ ನಿಂತು, ಪುಡಿಯನ್ನು ಬಾಯಿಗೆ ಸುರಿದುಕೊಂಡು ನೀರು ಕುಡಿದು, ಖಾಲಿ ಪೊಟ್ಟಣ ತಂದೊಪ್ಪಿಸಿದ. ಮಧ್ಯಾಹ್ನದವರೆಗೂ ಅವನ ಹೊಟ್ಟೆ ಗುಡುಗುಡು ಎನ್ನುತ್ತಿತ್ತು.

ನಾಲ್ಕೂವರೆಗೆ ಸಿಸ್ಟರ್ ಬಾಗಿಲಿನಿಂದ ಇಣುಕಿದರು. “ಎರಡನೇ ಬೆಡ್ಡಿನೋರು ಚೆನ್ನಾಗಿ ಮಾತಾಡ್ತಿದಾರೆ. ಭೇದಿನೂ ನಿಂತಿದೆ.”

ಹೆಂಡತಿ ಆನಂದಕ್ಕೆ ಅತ್ತೇಬಿಟ್ಟಳು. ಅತ್ತು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. “ಎಲ್ಲಾ ಆ ಪುಡಿ ಮಹಿಮೆ!” ಎಂದು ಇಡೀ ಹಾಲ್‌ಗೆ ಕೇಳುವಂತೆ ಸಾರಿದಳು. ಅರ್ಧ ಡಾಕ್ಟರು ಎದ್ದುಬಿದ್ದು ಔಷಧಿ ಅಂಗಡಿಗೆ ಓಡಿ, ಹಿಡಿ ತುಂಬ ಪೊಟ್ಟಣ ತಂದು ಮನೆಗೊಂದರಂತೆ ಹಂಚಿದರು. ಸಂಜೆ ಒಳಗೆ ಬಿಡುವ ಐದು ಗಂಟೆಗೆ ಹತ್ತೇ ನಿಮಿಷವಿತ್ತು.

ಅಳಿಯ ಗಡಿಯಾರ ನೋಡಿದ, ಪೊಟ್ಟಣಗಳನ್ನು ನೋಡಿದ. ಒಳಗೆ ಮಲಗಿದವರಲ್ಲಿ ಒಬ್ಬರಿಗೆ ಹೆಚ್ಚುಕಮ್ಮಿಯಾದರೂ ಆ ಪಾಪ ತನಗೇ. ಹುಟ್ಟಿದ ಮೇಲೆ ಮೊದಲ ಸಲ ಅವನು ಕುರ್ಚಿ ಹತ್ತಿ ನಿಂತ.

“ಯಾರೂ ಕೊಡ್ಬೇಡಿ! ಜೀವಕ್ಕೆ ಅಪಾಯ! ನಮ್ಮ ಮಾವಂಗೆ ನಾನು ಕೊಟ್ಟೇ ಇಲ್ಲ, ನಾನೇ ಕುಡ್ದೆ!”

“ನಿಮ್ಮೋರು ಹುಷಾರಾದ್ರು, ನಮ್ಮೋರು ಆಗೋದು ಬೇಡ್ವಾ?” ಎಂದು ಅರ್ಧ ಡಾಕ್ಟರು ರೇಗಿದರು.

“ಎಂಥಾ ಹೊಟ್ಟೆಕಿಚ್ಚು ನೋಡಿ!” ಎಂದಳು ಒಬ್ಬ ಅಜ್ಜಿ.

ಅವನು ಓಡಿಹೋಗಿ ಐಸಿಯು ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತ. ಅಷ್ಟರಲ್ಲಿ ಬಾಗಿಲು ಒಳಕ್ಕೆ ತೆರೆದುಕೊಂಡಿತು; ಅವನು ಅಂಗಾತ ಡಾಕ್ಟರ ಕಾಲಬುಡಕ್ಕೇ ಬಿದ್ದ.

ಡಾಕ್ಟರು ಎಲ್ಲರ ಕೈಯಲ್ಲಿದ್ದ ಪೊಟ್ಟಣಗಳನ್ನು ನೋಡಿದರು. “ಯಾರು ಇದನ್ನ ಶುರು ಮಾಡಿದ್ದು?”

ಎಲ್ಲ ಬೆರಳುಗಳೂ ನೆಲದ ಮೇಲಿದ್ದವನ ಕಡೆ ತಿರುಗಿದವು. ಅರ್ಧ ಡಾಕ್ಟರದು ಎಲ್ಲಕ್ಕಿಂತ ಮುಂದಿತ್ತು.

“ಸಾರ್, ನಾನು ಕೊಟ್ಟಿಲ್ಲ ಸಾರ್!”

“ಬೆಳಿಗ್ಗೆ ನೀವು ಕೇಳಿದಾಗ್ಲೇ ನಂಗೆ ಅನುಮಾನ ಬಂತು,” ಎಂದು ಡಾಕ್ಟರು ಅವನ ಕೊರಳಿನ ಪಾಸು ಕಿತ್ತುಕೊಂಡರು. ಪೊಟ್ಟಣಗಳೆಲ್ಲ ಕಸದ ಡಬ್ಬಿ ಸೇರಿದವು. ಜೀವಗಳೇನೋ ಉಳಿದವು. ಆದರೆ ಇಡೀ ಹಾಲ್ ಅವನನ್ನು ಕಳ್ಳನನ್ನು ನೋಡಿದ ಹಾಗೆ ನೋಡಿತು.

ಮೂಲೆಯ ಕುರ್ಚಿಯಲ್ಲಿ ಮುಖ ಮುಚ್ಚಿಕೊಂಡು ಕೂತವನ ಪಕ್ಕ ಹೆಂಡತಿ ಬಂದು ಕೂತಳು.

“ಯಾರೂ ನಂಬದಿದ್ರೆ ಬಿಡಿ. ನೀವು ಕೊಟ್ಟಿಲ್ಲ ಅಂತ ನಾನು ನಂಬ್ತೀನಿ.”

ಅವನಿಗೆ ಕಣ್ಣು ತುಂಬಿ ಬಂತು. “ನಿಜವಾಗ್ಲೂ?”

“ಮತ್ತೆ? ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು. ನಾನು ಹೇಳಿದ ಕೆಲಸ ಒಂದಾದ್ರೂ ಮಾಡಿದೀರಾ?”